ಹರಾಜಿನ ಸೌಂಡ್ ಸಾಮಾನು: ಕೂಗುವ ಮುಂಚೆ ಏನು ನೋಡಬೇಕು

ದಾವಣಗೆರೆಯಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಸಾಮಾನು ಕೊಳ್ಳುವ ಕೆಲಸ ನನ್ನದು. ಗಣೇಶನ ಹಬ್ಬ, ದುರ್ಗಾಂಬಿಕಾ ಜಾತ್ರೆ, ಮದುವೆ, ಕಾಲೇಜು ಕಾರ್ಯಕ್ರಮ, ಎಲ್ಲಕ್ಕೂ ನಮ್ಮ ಬಾಕ್ಸ್ ಹೋಗುತ್ತವೆ. ಎಲ್ಲವನ್ನೂ ಹೊಸದಾಗಿಯೇ ಕೊಳ್ಳುತ್ತೇವೆ ಅಂದರೆ ಬಾಡಿಗೆಯಲ್ಲಿ ಆ ದುಡ್ಡು ಹುಟ್ಟೋದು ಕಷ್ಟ. ಹಾಗಾಗಿ ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಕಂಪನಿಗಳ ಸಾಮಾನು ಹರಾಜಿಗೆ ಬಂದಾಗ ನಾವೂ ಕೂಗುತ್ತೇವೆ.

ಈ ಕಸುಬಿಗೆ ಬರುವ ಹುಡುಗರು ಮೊದಲು ಕೇಳೋದು, "ಅಣ್ಣಾ, ಎಷ್ಟಕ್ಕೆ ಸಿಗುತ್ತೆ?" ನಾನು ಕೇಳೋದು, "ಮಾಲು ನೋಡೋಕೆ ಯಾವತ್ತು ಬಿಡ್ತಾರಪ್ಪಾ?" ಹರಾಜಿನ ನೋಟಿಸಿನಲ್ಲಿ ಆ ದಿನಾಂಕ ಇರುತ್ತದೆ. ಅದರ ಕೆಳಗೇ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಅಂತ ಬರೆದಿರುತ್ತಾರೆ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಫೋಟೋ ನೋಡಿ ಕೂಗುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಗೋಡೌನ್‌ನಲ್ಲಿ ಕರೆಂಟ್ ಇರುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಬಿಲ್ ಕಟ್ಟದೆ ಕನೆಕ್ಷನ್ ತೆಗೆದಿರುವುದೇ ಜಾಸ್ತಿ. ನನ್ನ ಚೀಲದಲ್ಲಿ ಮಲ್ಟಿಮೀಟರ್, ಟಾರ್ಚ್, ಸ್ಕ್ರೂ ಡ್ರೈವರ್, ಒಂದು ಪೆನ್ಸಿಲ್ ಸೆಲ್ ಇರುತ್ತವೆ. ಇಷ್ಟರಲ್ಲೇ ಬೇಸ್ ಬಾಕ್ಸ್‌ನ ಬಹುಪಾಲು ಕಥೆ ಗೊತ್ತಾಗುತ್ತದೆ. 8 ಓಮ್ ಸ್ಪೀಕರ್‌ಗೆ ಮೀಟರ್ ಹಿಡಿದರೆ ಸುಮಾರು 5.5ರಿಂದ 7 ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಕಟ್ ಆಗಿದೆ. ಎರಡು 18 ಇಂಚಿನ 8 ಓಮ್ ಸ್ಪೀಕರ್ ಪ್ಯಾರಲಲ್ ಆಗಿ ಕೂತಿರುವ ಬಾಕ್ಸ್ ಆದರೆ ಹಿಂದಿನ ಸಾಕೆಟ್‌ನಲ್ಲಿ 3ರ ಆಸುಪಾಸು ಬರಬೇಕು. 6 ಬಂತು ಅಂದರೆ ಎರಡರಲ್ಲಿ ಒಂದು ಸತ್ತಿದೆ. ಜಾಲರಿ ಬಿಚ್ಚದೆಯೇ ಇದು ತಿಳಿಯುತ್ತದೆ.

ಆದರೂ ಜಾಲರಿ ಬಿಚ್ಚಲು ಬಿಟ್ಟರೆ ಬಿಚ್ಚಿ. ಎರಡೂ ಕೈಯ ಬೆರಳುಗಳನ್ನು ಕೋನಿನ (ಸ್ಪೀಕರಿನ ಮುಂದೆ ಅಲ್ಲಾಡುವ ಬಟ್ಟಲಿನಂಥ ಭಾಗ) ಎರಡು ಬದಿಗೆ ಇಟ್ಟು, ಸಮನಾಗಿ, ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಹೊರಗೆ ಬರಬೇಕು. 'ಕರ್' ಅಂತ ಉಜ್ಜಿದ ಸದ್ದು ಬಂದರೆ ಕಾಯಿಲ್ ಕೆಟ್ಟಿದೆ, ಇಲ್ಲವೇ ಮತ್ತೆ ಕಾಯಿಲ್ ಕಟ್ಟಿಸುವಾಗ ಅದು ಸರಿಯಾಗಿ ಸೆಂಟರಿನಲ್ಲಿ ಕೂತಿಲ್ಲ. ಬಾಕ್ಸಿನ ಗಾಳಿ ಕಿಂಡಿಗೆ ಮೂಗು ಇಟ್ಟು ನೋಡಿ. ಸುಟ್ಟ ವಾರ್ನಿಶ್ ವಾಸನೆ ತಿಂಗಳುಗಟ್ಟಲೆ ಉಳಿದಿರುತ್ತದೆ. ಸೆಲ್ ಮುಟ್ಟಿಸಿದಾಗ ಕೋನ್ ಅಲ್ಲಾಡಿದರೆ ಜೀವ ಇದೆ ಅಂತ ಅರ್ಥ. ತೀಕ್ಷ್ಣ ಸ್ವರ ಹೊರಡಿಸುವ ಹಾರ್ನ್ ಡ್ರೈವರ್‌ಗೆ ಮಾತ್ರ ಸೆಲ್ ಮುಟ್ಟಿಸಬೇಡಿ, ಅದಕ್ಕೆ ಮೀಟರ್ ಸಾಕು.

ನಾನು ಕೇಬಲ್ ಪೆಟ್ಟಿಗೆಯನ್ನೂ ತೆಗೆಸಿ ನೋಡುತ್ತೇನೆ. ವೈರ್‌ಗಳನ್ನು ನೀಟಾಗಿ ಸುತ್ತಿ, ಉದ್ದ ಬರೆದು, ಟೇಪ್ ಹಚ್ಚಿದ್ದರೆ ಆ ಹುಡುಗರು ಬಾಕ್ಸನ್ನೂ ಜೋಪಾನವಾಗಿ ಬಳಸಿರುತ್ತಾರೆ. ಅಂಥ ಮಾಲಿಗೆ ಸ್ವಲ್ಪ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುತ್ತದೆ.

ತುಂಬಾ ಅಗ್ಗವಾಗಿ ಕಾಣುವ ಕಾರ್ಡ್‌ಲೆಸ್ ಮೈಕ್ ಬಗ್ಗೆ ಹುಷಾರು. ಸೆಟ್ ಹಿಂದೆ ಫ್ರೀಕ್ವೆನ್ಸಿ ಬರೆದಿರುತ್ತದೆ, ಓದಿ. 2022ರ ತರಂಗಾಂತರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡಿನ ಒಂದು ಭಾಗ ಜಿಯೋಗೆ ಹೋಯಿತು. ಈಗ ಅಲ್ಲಿ 5ಜಿ ಓಡುತ್ತಿದೆ. ಆ ಬ್ಯಾಂಡಿನ ಹಳೆ ಮೈಕ್ ಗೋಡೌನ್‌ನಲ್ಲಿ ಚೆನ್ನಾಗಿಯೇ ಮಾತಾಡಬಹುದು. ಸಾವಿರ ಮೊಬೈಲ್ ಸೇರಿದ ಮೈದಾನದಲ್ಲಿ ಸ್ವಾಮೀಜಿಯವರ ಆಶೀರ್ವಚನದ ಮಧ್ಯೆ ಕಟ್ ಆದರೆ ಮರ್ಯಾದೆ ಯಾರದ್ದು ಹೋಗುತ್ತೆ? ಅಮೆರಿಕಕ್ಕೆಂದು ತಯಾರಾದ ಸಾಮಾನು 120 ವೋಲ್ಟಿನದು ಇರಬಹುದು, ಅದನ್ನೂ ನೋಡಿ. ಡಿಜಿಟಲ್ ಮಿಕ್ಸರ್ ಆದರೆ ಪಾಸ್‌ವರ್ಡ್ ಲಾಕ್ ಇದೆಯಾ ಕೇಳಿ. ಲೈನ್ ಅರೇ (ಒಂದರ ಕೆಳಗೊಂದು ಸಾಲಾಗಿ ನೇತುಹಾಕುವ ಸ್ಪೀಕರ್ ಬಾಕ್ಸ್) ಆದರೆ ನೇತುಹಾಕುವ ಫ್ರೇಮು, ಪಿನ್ನು ಎಲ್ಲಾ ಇವೆಯಾ ಎಣಿಸಿ. ಪಿನ್ ಇಲ್ಲದ ಅರೇ ಮೇಲಕ್ಕೇರುವುದಿಲ್ಲ. ಲೋಕಲ್ ಬೋಲ್ಟ್ ಹಾಕಿ ಜನರ ತಲೆ ಮೇಲೆ ತೂಗುಹಾಕುವ ಮಾತು ನಮ್ಮ ಅಂಗಡಿಯಲ್ಲಿ ಇಲ್ಲವೇ ಇಲ್ಲ.

ಲೆಕ್ಕ ಹಾಕೋದು ಆಮೇಲೆ. ಕೂಗಲು ಮುಂಗಡ ಠೇವಣಿ ಕಟ್ಟಬೇಕು. ಗೆದ್ದು ಬಾಕಿ ಕಟ್ಟದಿದ್ದರೆ ಅದು ಹೋಯಿತು ಅಂತಲೇ. ಒಂದು ಲಕ್ಷಕ್ಕೆ ಕೂಗಿದರೆ ಮೇಲೆ 18 ಸಾವಿರ ಜಿಎಸ್‌ಟಿ. ಕೆಲವು ಕಡೆ ಹರಾಜು ನಡೆಸುವವರ ಕಮಿಷನ್ ಬೇರೆ. ದಾವಣಗೆರೆಗೆ ಸುಮಾರು 260 ಕಿಲೋಮೀಟರ್ ಲಾರಿ ಬಾಡಿಗೆ, ಎರಡೂ ಕಡೆ ಹಮಾಲಿ. ಹೇಳಿದ ದಿನದೊಳಗೆ ಎತ್ತದಿದ್ದರೆ ಗೋಡೌನ್ ಬಾಡಿಗೆಯೂ ಬೀಳಬಹುದು. ಇಷ್ಟರ ಮೇಲೆ ರಿಪೇರಿ. ಹಾಗಾಗಿ ನಾನು ಹಿಂದಿನಿಂದ ಲೆಕ್ಕ ಹಾಕುತ್ತೇನೆ. ನಮ್ಮ ಊರಲ್ಲಿ ಅದೇ ಸೆಕೆಂಡ್ ಹ್ಯಾಂಡ್ ಮಾಲು ಎಷ್ಟಕ್ಕೆ ಸಿಗುತ್ತೆ, ಅದರಲ್ಲಿ ಇದೆಲ್ಲಾ ಕಳೆದರೆ ಉಳಿಯುವುದು ಎಷ್ಟು ಅಂತ. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಮಾಲೀಕರ ಕೈಗೆ ಕೊಡುತ್ತೇನೆ. ಆನ್‌ಲೈನ್‌ನಲ್ಲಿ ಕೂಗು ಏರುವಾಗ "ಇನ್ನೊಂದ್ ಐದ್ ಸಾವಿರ ಹಾಕೋಣೇನೋ?" ಅಂತ ಅವರೇ ಕೇಳುತ್ತಾರೆ. "ಚೀಟಿ ನೋಡಿ ಸಾಹುಕಾರ್ರೇ" ಅನ್ನುತ್ತೇನೆ. ಅವರು ಓದಿ ಸುಮ್ಮನಾಗುತ್ತಾರೆ, ಲಾಟ್ ಬೇರೆಯವರಿಗೆ ಹೋಗುತ್ತದೆ.

ಗೆದ್ದರೆ ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ಬರೆಸಿಕೊಳ್ಳಿ. 50 ಸಾವಿರ ದಾಟಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ) ಇಲ್ಲದೆ ಲಾರಿ ಹೊರಡಿಸಬೇಡಿ. ಊರಿಗೆ ಬಂದ ಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಆಂಪ್ಲಿಫೈಯರ್ ಆದರೆ ಮುಚ್ಚಳ ತೆಗೆದು ಧೂಳು ಊದಿ, ಮೊದಲ ಸಲ ಸೀರೀಸ್ ಬಲ್ಬ್ (ಕರೆಂಟ್ ತನ್ನ ಮೂಲಕವೇ ಆಂಪ್ಲಿಫೈಯರ್‌ಗೆ ಹೋಗುವ ಹಾಗೆ ನಡುವೆ ಕೂರಿಸಿದ ಹಳೆ ತಂತಿ ಬಲ್ಬ್) ಹಾಕಿಯೇ ಆನ್ ಮಾಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ ರಿಪೇರಿಗೆ ಕಳಿಸಿ. ಪಾಸಾದ ಸಾಮಾನನ್ನೂ ನಾವು ಮೊದಲು ನಾಮಕರಣ, ಶಾಲಾ ವಾರ್ಷಿಕೋತ್ಸವದಂಥ ಸಣ್ಣ ಕಾರ್ಯಕ್ರಮಕ್ಕೇ ಕಳಿಸುತ್ತೇವೆ, ಜೊತೆಗೆ ಒಂದು ಹಳೆ ಸೆಟ್ ಗಾಡಿಯಲ್ಲಿ ಇಟ್ಟುಕೊಂಡು.