ಅಜ್ಜಿಯ ನೂಲು, ನನ್ನ ಕಡ್ಡಿ

ಇವತ್ತು ಬೆಳಿಗ್ಗೆ ಚಳ್ಳಕೆರೆ ಹತ್ರ ನಮ್ಮ ಹೊಲದ ಮನೇಲಿ ಆರು ಕುರೀದೂ ಉಣ್ಣೆ ಕತ್ತರಿಸಿದ್ವಿ. ಎಲ್ಲಾ ಕರಿ ಡೆಕ್ಕನಿ ಕುರಿಗಳು, ಮೊದ್ಲೇ ಕೆರೇಲಿ ಮೈ ತೊಳ್ದು ಚೆನ್ನಾಗಿ ಒಣಗಿಸಿ ಆಮೇಲೆ ಕತ್ರಿ ಹಿಡಿಯೋದು, ವರ್ಷಕ್ಕೆ ಎರಡು ಸಲ, ಒಂದು ಕುರಿಗೆ ಅರ್ಧ ಕೇಜಿ ಸಿಕ್ಕಿದ್ರೆ ಹೆಚ್ಚು. ಅಜ್ಜಿ ಅದನ್ನ ಹಿಂಜಿ ರಾಟೇಲಿ ನೂಲ್ತಾಳೆ. ನಿಜ ಹೇಳ್ಬೇಕಂದ್ರೆ ಈ ನೂಲು ಕಂಬಳಿಗೇ ಸರಿ, ಹುಣಸೆ ಬೀಜದ ಗಂಜಿ ಹಚ್ಚಿ ಗುಂಡಿ ಮಗ್ಗದಲ್ಲಿ ನೇಯೋಕೆ. ನಾನು ದಪ್ಪ ಕಡ್ಡೀಲಿ ಸ್ವೆಟರ್ ಹೆಣೆಯೋಕೆ ಕೂತಿದೀನಿ, ಬರಿ ಮೈಗೆ ಹಾಕ್ಕೊಂಡ್ರೆ ಚುಚ್ಚುತ್ತೆ, ಶರ್ಟ್ ಮೇಲೆ ಹಾಕ್ಕೊಂಡ್ರೆ ಮಾತ್ರ ಎಂಥಾ ಬೆಚ್ಚಗೆ ಅಂತೀರಾ!

ಅಕ್ಕಪಕ್ಕದವರು ಒಬ್ಬೊಬ್ರೇ ಮಾಂಸದ ತಳಿಗೆ ಹೋಗ್ತಿದಾರೆ, ಉಣ್ಣೆ ಮಾರಿದ್ ದುಡ್ಡು ಕತ್ತರಿಸೋ ಕೂಲಿಗೂ ಸಾಲಲ್ಲ, ಅವರನ್ನ ತಪ್ಪು ಅನ್ನೋಕೆ ಮನಸ್ಸು ಬರಲ್ಲ. ಆದ್ರೆ ಕತ್ತರಿಸಿದ ಉಣ್ಣೆ ಬೇಲಿ ಮೇಲೆ ಬಿದ್ದಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಳೇಲಿ ನೆಂದ್ರೂ ಒಳಗೆ ನೀರು ಬಿಡದ ಕಂಬಳಿ ಹೊದ್ದೇ ನಮ್ಮ ತಾತ ರಾತ್ರಿ ಪೂರ್ತಿ ಹಟ್ಟಿ ಕಾಯ್ತಿದ್ದ. ಅಜ್ಜಿ ಈಗ ಹೇಳ್ತಿದಾಳೆ, ತೋಳು ಸ್ವಲ್ಪ ಉದ್ದ ಹಾಕು ಮಗಾ, ನೂಲು ಇನ್ನೂ ಇದೆ ಅಂತ.