ಯಾರಾದ್ರೂ ಆಯ್ತು

ಮಂಗಳವಾರ ಸಂಜೆಯಿಂದ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಯಾರ್ಯಾರು ಹೋಗೋದು, ಎಷ್ಟು ಹೊತ್ತಿಗೆ ಎದ್ದರೆ ರಶ್ ತಪ್ಪುತ್ತೆ ಅನ್ನೋ ಚರ್ಚೆ ಅರ್ಧಕ್ಕೇ ನಿಂತುಹೋಯಿತು. ಏಳನೇ ಕ್ಲಾಸಿನಲ್ಲಿರುವ ಪುಟ್ಟಿ, ನಮ್ಮಕ್ಕನ ಮಗಳು, ಕರಾಟೆ ಮಾಸ್ಟರಿಗೆ ಏನು ಉತ್ತರ ಕೊಟ್ಟಳು ಅನ್ನೋದೇ ಎಲ್ಲರಿಗೂ ಬೇಕು. ಆಗ ಪಕ್ಕದಲ್ಲಿದ್ದವಳು ನಾನೊಬ್ಬಳೇ. ಫೋನ್ ಮಾಡಿದವರಿಗೆಲ್ಲ ಮೊದಲಿಂದ ಹೇಳುವ ಕೆಲಸವೂ ನನ್ನದೇ ಆಗಿದೆ.

ಕುವೆಂಪುನಗರದ ಕಡೆ ಒಂದು ಮಹಡಿ ಮೇಲಿನ ಹಾಲ್. ಬಿಳಿ ಡ್ರೆಸ್ಸಿನ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ನಮಗಿಂತ ಮುಂಚೆ ಒಬ್ಬ ಹುಡುಗನನ್ನು ಸೇರಿಸಲು ಅವರಪ್ಪ ಬಂದಿದ್ದರು. ಅವನ ವಯಸ್ಸು ಕೇಳಿದರು, ಸ್ಕೂಲ್ ಕೇಳಿದರು, ಡ್ರೆಸ್ಸಿನ ಸೈಜ್ ಕೇಳಿದರು, ಮುಗಿಯಿತು. ನಮ್ಮ ಸರದಿ ಬಂದಾಗ ಮಾಸ್ಟರ್ ಪೆನ್ ಕೆಳಗಿಟ್ಟು, ಮುಖಕ್ಕೆ ಸ್ವಲ್ಪ ಕನಿಕರ ತಂದುಕೊಂಡು ಕೇಳಿದರು:

"ಯಾಕಮ್ಮಾ ಕಲೀಬೇಕು ಅನ್ನಿಸ್ತು? ಸೆಲ್ಫ್ ಡಿಫೆನ್ಸ್‌ಗೆ ಅಲ್ವಾ?"

"ಅಲ್ಲ ಸಾರ್. ಎತ್ತಿ ಹಾಕ್ಬೇಕು."

"ಯಾರನ್ನ?"

"ಯಾರಾದ್ರೂ ಆಯ್ತು."

ಜಂಬ ಇರಲಿಲ್ಲ, ಕೋಪವೂ ಇರಲಿಲ್ಲ. ಅಂಗಡಿಯವರು ಯಾವ ಬಿಸ್ಕತ್ತು ಕೊಡಲಿ ಅಂತ ಕೇಳಿದರೆ ಮಕ್ಕಳು ಹೇಳುತ್ತಾರಲ್ಲ, ಅದೇ ಧಾಟಿ. ಮಾಸ್ಟರ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಟ್ರೋಫಿಗಳನ್ನು ನೋಡಿದೆ, ನಗು ತಡೆಯಲು ಬೇರೆ ದಾರಿ ಇರಲಿಲ್ಲ.

ಆ ಮನುಷ್ಯ ಕೆಟ್ಟವರೇನಲ್ಲ. "ಕರಾಟೇಲಿ ಎತ್ತಿ ಹಾಕೋದು ಕಮ್ಮಿ ಮೇಡಂ, ಪಂಚು, ಕಿಕ್ಕು, ಬ್ಲಾಕು ಇವೇ ಜಾಸ್ತಿ" ಅಂತ ನೇರವಾಗಿ ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದ್ರೆ ಮೂರು ವರ್ಷಕ್ಕೆ ಬ್ಲಾಕ್ ಬೆಲ್ಟ್ ಮಾಡಿಸ್ಕೊಡ್ತೀವಿ" ಅಂದರು. ಮಾಡಿಸಿಕೊಡೋದು! ಇನ್ನೂ ಒಂದು ದಿನವೂ ನಿಂತು ನೋಡದ ಹುಡುಗಿಗೆ ಇವರು ಬೆಲ್ಟಿನ ಬಣ್ಣ ಹೇಳಿಬಿಟ್ಟರು. ಮನೆಗೆ ಬಂದು ಓದಿದರೆ, ಜಪಾನಿನ ಒಕಿನಾವಾದ ಹಳೆಯ ಕರಾಟೆಯಲ್ಲಿ ಬೆಲ್ಟೇ ಇರಲಿಲ್ಲ. ಅಲ್ಲಿನ ಗುರು ಗಿಚಿನ್ ಫುನಾಕೊಶಿ ಕರಾಟೆಯನ್ನು 1922ರಲ್ಲಿ ಟೋಕಿಯೋಗೆ ತಂದು ತೋರಿಸಿದ ಮೇಲೆ, ಜೂಡೋ ಕಟ್ಟಿದ ಜಿಗೊರೊ ಕಾನೊ ಅವರ ಪದ್ಧತಿ ನೋಡಿ ಬಿಳಿ ಡ್ರೆಸ್ಸು, ಬೆಲ್ಟು ಎರಡೂ ಕರಾಟೆಗೆ ಬಂದವಂತೆ. ಈಗ ನೋಡಿದರೆ ಬೆಲ್ಟಿಗೇ ಕರಾಟೆ ಅನ್ನೋ ಹಾಗಾಗಿದೆ.

ಭಾವನಿಗೆ ಬೆಲ್ಟಿನ ಮೇಲೆ ಬೇಜಾರಿಲ್ಲ. ಅವರ ಲೆಕ್ಕ ಸರ್ಟಿಫಿಕೇಟಿನದು, ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು. ಮಗಳು ಹುಟ್ಟಿದಾಗಲೇ ಸಿಇಟಿ ಬಗ್ಗೆ ಮಾತಾಡಿದ ಮನುಷ್ಯ. ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಟೋಕಿಯೋದಲ್ಲಿ, ಅದೂ ಕೊರೊನಾದಿಂದ 2021ಕ್ಕೆ ಹೋದದ್ದರಲ್ಲಿ ಮಾತ್ರ, 2024ರ ಪ್ಯಾರಿಸ್‌ನಲ್ಲಿ ತೆಗೆದುಹಾಕಿದರು ಅಂತ ಹೇಳಿದ್ದೇ ತಡ, ಟೇಕ್ವಾಂಡೋ ಕಡೆ ತಿರುಗಿಬಿಟ್ಟರು. ಅದು 2000ದ ಸಿಡ್ನಿಯಿಂದ ಪದಕದ ಆಟ. ಸರಿ, ಅದನ್ನೂ ನೋಡಿ ಬಂದೆವು. ಎದೆಗೆ ಕವಚ ಕಟ್ಟಿಕೊಂಡು ಕಾಲು ಬೀಸುತ್ತಾರೆ, ದೊಡ್ಡ ಪಂದ್ಯಗಳಲ್ಲಿ ಒದೆ ಬಿತ್ತೋ ಇಲ್ಲವೋ ಅಂತ ಆ ಕವಚವೇ ಲೆಕ್ಕ ಹಾಕುತ್ತದಂತೆ. ಪುಟ್ಟಿ ಬಾಗಿಲಲ್ಲೇ ನಿಂತು, "ಹಿಡಿಯೋ ಹಾಗಿಲ್ವಾ?" ಅಂತ ಒಬ್ಬ ಹುಡುಗನನ್ನು ಕೇಳಿದಳು. ಇಲ್ಲ ಅಂದ. ಚಪ್ಪಲಿ ಮೆಟ್ಟಿಕೊಂಡಳು.

ಈ ಎತ್ತಿ ಹಾಕುವ ಹುಚ್ಚು ಹಿಡಿಸಿದ್ದು ನಮ್ಮಪ್ಪ. ಹೋದ ದಸರಾದಲ್ಲಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಮೊಮ್ಮಗಳನ್ನು ಕುಸ್ತಿ ನೋಡಲು ಕರೆದುಕೊಂಡು ಹೋಗಿದ್ದರು. ಅಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಇದ್ದವು. ದಸರಾ ಕಂಠೀರವ, ದಸರಾ ಕೇಸರಿ ಇದ್ದ ಹಾಗೆ ಹುಡುಗಿಯರಿಗೆ ದಸರಾ ಕಿಶೋರಿ ಅಂತ ಒಂದು ಬಿರುದಿದೆ. ಒಬ್ಬಳು ಇನ್ನೊಬ್ಬಳನ್ನು ಸೊಂಟ ಹಿಡಿದು ಎತ್ತಿ ಕೆಡವಿದ್ದನ್ನು ಇವಳು ಮನೆಗೆ ಬಂದು ದಿಂಬಿನ ಮೇಲೆ, ತಮ್ಮನ ಮೇಲೆ, ಕೊನೆಗೆ ಅಕ್ಕಿ ಮೂಟೆಯ ಮೇಲೂ ಮಾಡಿ ತೋರಿಸಿದಳು.

ಅಪ್ಪ ಕೆ.ಆರ್. ಮೊಹಲ್ಲಾದಲ್ಲಿ ಬೆಳೆದವರು. ಹುಡುಗರಾಗಿದ್ದಾಗ ಬೆಳಗಿನ ಜಾವ ಗರಡಿಗೆ ಹೋಗಿ ದಂಡ, ಬಸ್ಕಿ ಹೊಡೆದು, ಕೆಮ್ಮಣ್ಣು ಮೆತ್ತಿಕೊಂಡು ಬರುತ್ತಿದ್ದರಂತೆ. ಅವರ ಎಡಗಿವಿ ಇವತ್ತಿಗೂ ಮುದುಡಿಕೊಂಡೇ ಇದೆ. ಆ ಕಿವಿಯ ಬಗ್ಗೆ ಅವರಿಗಿರುವ ಹೆಮ್ಮೆ ನಮ್ಮ ಯಾರ ಡಿಗ್ರಿಯ ಬಗ್ಗೆಯೂ ಇಲ್ಲ. ಪುಟ್ಟಿಯ ಉತ್ತರ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಂಗಾದ್ರೆ ನಿಮ್ಮ ಗರಡಿಗೇ ಸೇರಿಸಿ ತಾತ" ಅಂದಳು. ಆಗ ನಗು ನಿಂತಿತು. "ಅಲ್ಲಿ ಹೆಣ್ಮಕ್ಳು ಒಳಗೆ ಕಾಲಿಡೋ ಹಾಗಿಲ್ಲ ಕಂದ. ಕುಸ್ತಿ ಹಿಡಿಯೋ ಮಟ್ಟಿ ಅಂದ್ರೆ ದೇವ್ರ ಜಾಗ."

ದಸರಾದಲ್ಲಿ ಮ್ಯಾಟಿನ ಮೇಲೆ ಹುಡುಗಿ ಗೆದ್ದರೆ ಇದೇ ಅಪ್ಪ ಶಿಳ್ಳೆ ಹೊಡೆದಿದ್ದಾರೆ. ಚಾಮುಂಡಿಯ ಊರಿನಲ್ಲಿ, ಮಹಿಷನನ್ನು ಕೆಡವಿದವಳ ಹೆಸರಿನ ಹಬ್ಬದಲ್ಲಿ, ಹೆಣ್ಣು ಮುಟ್ಟಿದರೆ ಮಣ್ಣು ಮೈಲಿಗೆ ಆಗೋದು ಹೇಗೆ ಅಂತ ಕೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದರು. ಆಮೇಲೆ ತಾವೇ ತಗ್ಗಿಸಿ, ವಿಜಯದಶಮಿ ದಿನ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗದ ಕಥೆ ಶುರು ಮಾಡಿದರು. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಗೆ ವಜ್ರಮುಷ್ಟಿ ಅನ್ನೋ ಮೊನೆಯ ಆಯುಧ, ಯಾರ ತಲೆಯಿಂದ ಮೊದಲು ರಕ್ತ ಬಂತೋ ಅಲ್ಲಿಗೆ ಮುಗಿಯಿತು, ಅದಾದ ಮೇಲೇ ಜಂಬೂಸವಾರಿ. ಅಲ್ಲಿಗೆ ಬರುವ ಜಟ್ಟಿಗಳನ್ನು ನೀನು ಯಾಕಪ್ಪಾ ಹೊಡೆದಾಡ್ತೀಯ ಅಂತ ಯಾರೂ ಕೇಳೋದಿಲ್ಲ. ಪರಂಪರೆ, ಸೇವೆ, ಸರಿ. ಗರಡಿಗೆ ಹೋಗುವ ಹುಡುಗನನ್ನೂ ಕೇಳೋದಿಲ್ಲ. ಮೈ ಚೆನ್ನಾಗಾಗಲಿ ಬಿಡಿ ಅಂತಾರೆ. ಅವತ್ತು ನಮ್ಮ ಮುಂದೆ ಇದ್ದ ಆ ಹುಡುಗನನ್ನೂ ಕೇಳಲಿಲ್ಲವಲ್ಲ.

ನನ್ನ ತಲೆಯಲ್ಲಿ ತಿರುಗುತ್ತಿರುವುದು ಇದೇ. ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಮಾತುಕತೆ ಮತ್ತೆ ಕೇಳಿಸುತ್ತದೆ. ಸೆಲ್ಫ್ ಡಿಫೆನ್ಸ್‌ಗೆ ಅಲ್ವಾ? ಅಲ್ಲ ಸಾರ್. ಹುಡುಗಿ ಮೈ ಬಳಸಬೇಕಾದರೆ ಯಾವನೋ ಒಬ್ಬ ಕೆಟ್ಟವನು ಮೊದಲು ಕತ್ತಲೆಯಲ್ಲಿ ಬಂದು ನಿಂತಿರಬೇಕು. ಅವನಿಲ್ಲದೆ ಇವಳಿಗೆ ಕೈ ಎತ್ತುವ ಹಕ್ಕಿಲ್ಲ. ಆಫೀಸಿನಲ್ಲಿ ಹೇಳಿದಾಗ ಒಬ್ಬರು, "ಹುಡುಗಿ ಸ್ವಲ್ಪ ಜೋರು ಅನ್ಸುತ್ತೆ, ಹುಷಾರು" ಅಂದರು. ಅವರ ಮಗ ಎರಡು ಕ್ರಿಕೆಟ್ ಬ್ಯಾಟ್ ಮುರಿದಿದ್ದಾನೆ, ಅದನ್ನು ಅವರೇ ಸಂತೋಷದಿಂದ ಹೇಳಿಕೊಂಡಿದ್ದಾರೆ.

ಹಮೀದಾ ಬಾನು ಅಂತ ಒಬ್ಬರಿದ್ದರು, ಅಲಿಗಢದ ಪೈಲ್ವಾನ್. 1954ರಲ್ಲಿ ಬರೋಡದಲ್ಲಿ ಬಾಬಾ ಪೈಲ್ವಾನ್‌ರನ್ನು 1 ನಿಮಿಷ 34 ಸೆಕೆಂಡಿನಲ್ಲಿ ಸೋಲಿಸಿದರು. ಅವರು ಗಂಡಸರಿಗೆ ಹಾಕುತ್ತಿದ್ದ ಸವಾಲು, ನನ್ನನ್ನು ಗೆದ್ದವರನ್ನು ಮದುವೆಯಾಗುತ್ತೇನೆ ಎಂಬುದು. ಓದಿದಾಗ ಮೊದಲು ಭಲೇ ಅನ್ನಿಸಿತು. ಆಮೇಲೆ ಯೋಚಿಸಿದರೆ, ಅಷ್ಟು ಬಲ ಇದ್ದವರಿಗೂ ಕಣಕ್ಕಿಳಿಯಲು ಮದುವೆಯ ನೆಪ ಬೇಕಾಗಿತ್ತು. ಸುಮ್ಮನೆ ಕುಸ್ತಿ ಇಷ್ಟ, ಬನ್ನಿ ಹಿಡಿಯೋಣ ಅಂದಿದ್ದರೆ ಟಿಕೆಟ್ ಮಾರಾಟ ಆಗುತ್ತಿತ್ತೋ ಇಲ್ಲವೋ.

ಅಕ್ಕ ಮಾತ್ರ ನಗಲಿಲ್ಲ. ಅವಳಿಗೆ ಮಗಳು ಭರತನಾಟ್ಯ ಬಿಟ್ಟ ದುಃಖ ಇನ್ನೂ ಇದೆ, ಅದು ಬೇರೆ. ಆದರೆ ಅವಳು ಹೇಳಿದ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. "ರಿಯೋದಲ್ಲಿ ಕುಸ್ತಿ ಮೆಡಲ್ ಗೆದ್ದ ಸಾಕ್ಷಿ ಮಲಿಕ್‌ನೇ ಫೆಡರೇಷನ್ ಅಧ್ಯಕ್ಷನ ಮೇಲಿನ ಲೈಂಗಿಕ ಕಿರುಕುಳದ ಆರೋಪಕ್ಕೆ ನ್ಯಾಯ ಕೇಳಿ ಜಂತರ್ ಮಂತರ್ ಹತ್ರ ರಸ್ತೇಲಿ ಕೂರಬೇಕಾಯ್ತು ಕಣೇ. ಅವಳಿಗೇನು ಪಟ್ಟು ಬರ್ತಿರಲಿಲ್ವಾ? ನಂಗೆ ಬೀದೀಲಿ ಹೋಗೋ ಪೋಲಿಗಳ ಭಯ ಅಲ್ಲ. ಕ್ಲಾಸಿನ ಒಳಗೆ ಯಾರಿದಾರೆ ಅನ್ನೋದು." ಕರಾಟೆ ಜಾಸ್ತಿಯೋ ಜೂಡೋ ಜಾಸ್ತಿಯೋ ಅಂತ ಗಂಡಸರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಈ ಪ್ರಶ್ನೆ ಆ ವಾದದಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ. ಬಾಗಿಲು ತೆರೆದಿರುತ್ತಾ, ತಂದೆತಾಯಿ ಕೂತು ನೋಡಬಹುದಾ, ಕಲಿಸುವವರಲ್ಲಿ ಹೆಂಗಸರಿದ್ದಾರಾ, ಬಟ್ಟೆ ಬದಲಾಯಿಸುವ ಕೋಣೆಗೆ ಚಿಲಕ ಇದೆಯಾ. ಅಕ್ಕ ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟಳು.

ನನ್ನ ಸ್ವಂತ ಆಸೆ ಕೇರಳದ ಸಮರಕಲೆ ಕಳರಿಪಯಟ್ಟು. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಸೀರೆ ಕಚ್ಚೆ ಕಟ್ಟಿ ಕತ್ತಿ ಹಿಡಿದು ಹಾರುವ ವಿಡಿಯೋ ನೋಡಿದವರು ಯಾರು ಮರುಳಾಗೋದಿಲ್ಲ? ಏಳನೇ ವಯಸ್ಸಿಗೆ ಶುರು ಮಾಡಿದವರು, 2017ರಲ್ಲಿ ಪದ್ಮಶ್ರೀ ಬಂತು. ಆದರೆ ಅದರ ದಾರಿ ಉದ್ದ. ಮೊದಲು ಮೈ ಬಗ್ಗಿಸುವ ಮೆಯ್ಪಯಟ್ಟು, ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿ, ಬರಿಗೈ ವರಸೆ ಬರೋದು ಕೊನೆಗೆ. ಗೋಕುಲಂ ಕಡೆ ಒಂದು ಕಡೆ ವಿಚಾರಿಸಿದೆ. ಯೋಗ ಕಲಿಯಲು ಬಂದ ವಿದೇಶಿಯರಿಗೆ ಇಟ್ಟ ಫೀಸು, ಕೇಳಿಯೇ ಬೆನ್ನು ಬಗ್ಗಿತು. ಪುಟ್ಟಿಗೂ ಅಷ್ಟು ಕಾಯುವ ವ್ಯವಧಾನ ಇಲ್ಲ.

ಕೊನೆಗೆ ಜೂಡೋ. ಶಾಲೆಯೊಂದರ ಹಿಂದಿನ ಶೆಡ್, ಅಲ್ಲಲ್ಲಿ ಹೊಲಿಗೆ ಹಾಕಿದ ಮ್ಯಾಟು, ಟ್ರೋಫಿ ಗೀಫಿ ಏನೂ ಇಲ್ಲ. ಕಲಿಸುವವರು ನಲವತ್ತರ ಆಸುಪಾಸಿನ ಹೆಂಗಸು. ಯಾಕೆ ಕಲೀಬೇಕು ಅಂತ ಕೇಳಲಿಲ್ಲ. "ತಿಂಡಿ ತಿಂದು ಎಷ್ಟೊತ್ತಾಯ್ತು? ಕೈ ತೋರ್ಸು, ಉಗುರು ಕತ್ತರಿಸಿದೀಯಾ?" ಕತ್ತರಿಸಿರಲಿಲ್ಲ. ಅಲ್ಲೇ ನೇಲ್ ಕಟರ್ ಕೊಟ್ಟು ಕೂರಿಸಿದರು.

ನಾನು ಗೋಡೆಗೊರಗಿ ಕೂತು ನೋಡಿದೆ. ದೊಡ್ಡ ಮಕ್ಕಳು ಇಬ್ಬಿಬ್ಬರು ಕಾಲರ್ ಹಿಡಿದು ನಿಜವಾಗಿಯೇ ಎಳೆದಾಡುತ್ತಿದ್ದರು. ಬೀಳಲು ಒಪ್ಪದವನನ್ನು ಬೀಳಿಸೋದು ಅಷ್ಟು ಸುಲಭ ಅಲ್ಲ ಅನ್ನೋದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕಾನೊ 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಇದನ್ನು ಶುರು ಮಾಡಿದಾಗ ಮಾಡಿದ ಜಾಣತನ ಇದೇ. ಹಳೆಯ ಜುಜುತ್ಸುವಿನ ಬೆರಳು ಮುರಿಯುವ, ಕಣ್ಣಿಗೆ ತಿವಿಯುವ ಪಟ್ಟುಗಳನ್ನು ದಿನದ ಸೆಣಸಾಟದಿಂದ ಹೊರಗಿಟ್ಟರು. ಅಪಾಯ ಕಮ್ಮಿಯಾದದ್ದಕ್ಕೇ ದಿನವೂ ಪೂರ್ತಿ ಬಲ ಹಾಕಿ ಹಿಡಿಯಲು ಸಾಧ್ಯವಾಯಿತು. ನಮ್ಮ ಗರಡಿಗಳಲ್ಲಿ ಇದು ಎಂದಿನಿಂದಲೂ ಇದ್ದದ್ದೇ. ಮನೆಯಲ್ಲಿ ಹೇಳಿದಾಗ ಅಪ್ಪ, "ಮತ್ತೆ? ಎದುರುಗಡೆಯವನು ತಿರುಗಿ ಹಿಡೀದೆ ಇದ್ರೆ ಅದು ಡ್ಯಾನ್ಸು" ಅಂದರು. ಅಕ್ಕ ಅಡುಗೆಮನೆಯಿಂದ, "ಡ್ಯಾನ್ಸ್ ಬಗ್ಗೆ ಮಾತಾಡ್ಬೇಡಿ" ಅಂತ ಕೂಗಿದಳು.

ಪುಟ್ಟಿಗೆ ಮಾತ್ರ ಸಿಟ್ಟು. ಅವಳಿಂದ ಮಾಡಿಸಿದ್ದು ಬರೀ ಬೀಳೋದು. ಗಲ್ಲ ಎದೆಗೆ ಒತ್ತಿಕೋ, ಕೈಯಿಂದ ಮ್ಯಾಟಿಗೆ ಹೊಡಿ, ಹಿಂದಕ್ಕೆ, ಪಕ್ಕಕ್ಕೆ, ಮತ್ತೆ. "ಎತ್ತೋದು ಯಾವಾಗ ಮಿಸ್?" ಅಂತ ಕೇಳಿದ್ದಕ್ಕೆ, "ನಿನ್ನನ್ನ ಎತ್ತಿ ಹಾಕೋರಿಗೆ ಭಯ ಆಗದೇ ಇರೋ ಹಾಗೆ ಬೀಳೋದು ಬಂದ ಮೇಲೆ" ಅಂದರಂತೆ. ಸ್ಕೂಟರಿನ ಹಿಂದೆ ಕೂತು ಮನೆ ತನಕ ಗೊಣಗಿದಳು. ಮಾರನೇ ಸಂಜೆ ನಾನು ಬರುವ ಮೊದಲೇ ಗೇಟಿನ ಹತ್ತಿರ ನಿಂತಿದ್ದಳು, ಉಗುರು ಕತ್ತರಿಸಿಕೊಂಡು.

ಅಕ್ಕ ಚೀಟಿ ಹಿಡಿದು ತಾನೇ ಹೋಗಿ ಪೂರ್ತಿ ಕ್ಲಾಸು ಕೂತು ಬಂದಿದ್ದಾಳೆ. ಚಿಲಕ ಸರಿ ಇಲ್ಲ ಅಂತ ಹೇಳಿದಳಂತೆ, ಹಾಕಿಸ್ತೀವಿ ಅಂದಿದ್ದಾರೆ. ಹಾಕಿಸುವ ತನಕ ಮನೆಯಿಂದಲೇ ಡ್ರೆಸ್ ಹಾಕಿಕೊಂಡು ಹೋಗಬೇಕು ಅನ್ನೋದು ಅವಳ ಷರತ್ತು. ಆ ದಪ್ಪ ಜಾಕೆಟ್ಟು ಆಷಾಢದ ಜಿಟಿಜಿಟಿ ಮಳೆಗೆ ಒಣಗೋದೇ ಇಲ್ಲ, ಫ್ಯಾನಿನ ಕೆಳಗೆ ಹರಡಿಟ್ಟಿದ್ದೇವೆ. ಬೆಟ್ಟದ ರಶ್ಶಿಗೆ ಶುಕ್ರವಾರ ಯಾವ ರಸ್ತೆ ಬಂದ್ ಮಾಡುತ್ತಾರೋ, ಅವತ್ತು ಬಿಟ್ಟು ಬರುವ ಪಾಳಿ ಭಾವನದು. ಸರ್ಟಿಫಿಕೇಟ್ ಕೊಡ್ತಾರಾ ಅಂತ ನನ್ನನ್ನು ಕೇಳುತ್ತಲೇ ಇದ್ದಾರೆ. ಆ ಮೇಡಮ್ಮನ್ನೇ ಕೇಳಿ ಅಂದಿದ್ದೇನೆ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.