ಬಿಕಾಂ ಆದ ಮಗಳನ್ನು ಮ್ಯಾನೇಜ್‌ಮೆಂಟ್ ಓದಲು ಹೊರದೇಶಕ್ಕೆ ಕಳಿಸಬಹುದೇ?

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗಲಾಗಲಿ, ಡೊಂಬಿವಲಿಯಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗಲಾಗಲಿ, ನನ್ನನ್ನು ಕಂಡವರು ಈಗ ಕೇಳುವುದು ಒಂದೇ ಪ್ರಶ್ನೆ. "ಮಗಳ ಬಿಕಾಂ ಮುಗಿಯಿತು ಮಾರಾಯ್ತಿ. ನಿನ್ನ ಹಾಗೆ ಅವಳನ್ನೂ ಜರ್ಮನಿಗೋ ಇಂಗ್ಲೆಂಡಿಗೋ ಮ್ಯಾನೇಜ್‌ಮೆಂಟ್ ಓದಲು ಕಳಿಸಬಹುದಾ? ಹಾಕಿದ ದುಡ್ಡು ಹಿಂದೆ ಬರುತ್ತದಾ?" ಪ್ರಶ್ನೆಯ ಹಿಂದೆ ಒಂದು ಮನೆಯ ಉಳಿತಾಯವೇ ಇರುವುದರಿಂದ ನಿಂತಲ್ಲೇ ಉತ್ತರಿಸಲು ನನಗೆ ಮನಸ್ಸಾಗುವುದಿಲ್ಲ. ನನ್ನ ಉತ್ತರ ಹೀಗಿದೆ: ಕಳಿಸಬಹುದು, ಆದರೆ ಅಲ್ಲಿ ಕೆಲಸ ಸಿಗದೆ ಮುಂಬಯಿಗೇ ಮರಳಿದರೂ ಇಲ್ಲಿನ ಸಂಬಳದಲ್ಲಿ ಸಾಲ ತೀರುತ್ತದೆ ಎಂದು ಲೆಕ್ಕ ಹೇಳಿದರೆ ಮಾತ್ರ.

ಹೀಗೆ ಲೆಕ್ಕ ಹಾಕುವುದನ್ನು ನನಗೆ ಕಲಿಸಿದವರು ಅಪ್ಪ. ಅವರು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಎಸ್ಸೆಸ್ಸಿ ಪಾಸು ಮಾಡಿದವರು. ಆಮೇಲೆ ಮೂವತ್ತು ವರ್ಷ ಥಾಣೆಯ ಒಂದು ಹೋಟೆಲಿನ ಗಲ್ಲೆಯಲ್ಲಿ ಕುಳಿತವರು. 2017ರಲ್ಲಿ ನಾನು ಪ್ರವೇಶಪತ್ರ ತೋರಿಸಿದ ರಾತ್ರಿ ಅವರು ಹಳೆಯ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಮೂರು ಕಲಂ ಎಳೆದರು. ಮೊದಲನೆಯದರಲ್ಲಿ ಹೊರಡುವ ಮುನ್ನ ಬೇಕಾದ ಹಣ, ಎರಡನೆಯದರಲ್ಲಿ ಅಲ್ಲಿನ ತಿಂಗಳ ಖರ್ಚು. ಮೂರನೆಯದರ ಮೇಲೆ 'ವಾಪಸು ಬಂದರೆ' ಎಂದು ಬರೆದು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ಹೊರಡುವ ಮೊದಲೇ ಮರಳುವ ಮಾತೇಕೆ ಎಂದು ನನಗೆ ಅಂದು ಅಳುವೇ ಬಂದಿತ್ತು.

ಲೆಕ್ಕಕ್ಕೆ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮವರು ಎಲ್ಲವನ್ನೂ ಎಂಬಿಎ ಎಂದೇ ಕರೆಯುತ್ತಾರೆ. ಹೊರದೇಶಗಳ ಒಳ್ಳೆಯ ಎಂಬಿಎ ಕೋರ್ಸುಗಳು ಸಾಮಾನ್ಯವಾಗಿ ಕೆಲವು ವರ್ಷ ಕೆಲಸ ಮಾಡಿದವರನ್ನು ಬಯಸುತ್ತವೆ. ಪದವಿ ಮುಗಿಸಿದ ಕೂಡಲೇ ಹೋಗುವವರಿಗಾಗಿ ಇರುವುದು ಮಾಸ್ಟರ್ಸ್ ಇನ್ ಮ್ಯಾನೇಜ್‌ಮೆಂಟ್, ಅಂದರೆ ಮಿಮ್. ಇದು ಮುಖ್ಯವಾಗಿ ಯುರೋಪಿನಲ್ಲಿ ಬೆಳೆದ ಕೋರ್ಸು. 1999ರ ಬೊಲೊನ್ಯಾ ಒಪ್ಪಂದದ ನಂತರ ಅಲ್ಲಿ ಮೂರು ವರ್ಷದ ಪದವಿ, ಅದರ ಮೇಲೆ ಮಾಸ್ಟರ್ಸ್ ಎಂಬ ಕ್ರಮ ಹರಡಿದ್ದರಿಂದ, ನಮ್ಮ ಮೂರು ವರ್ಷದ ಬಿಕಾಂಗೆ ಅಲ್ಲಿ ಅಷ್ಟಾಗಿ ಅಡ್ಡಿಯಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ.

ಹಾಗೆಂದು ಜರ್ಮನಿಯವರು ಬರಿಯ ಪದವಿಯನ್ನು ನೋಡಿ ಸುಮ್ಮನಾಗುವುದಿಲ್ಲ. ಪದವಿಯಲ್ಲಿ ಯಾವ ವಿಷಯವನ್ನು ಎಷ್ಟು ಓದಿದ್ದೀರಿ ಎಂದು ಅವರು ಇಸಿಟಿಎಸ್ ಎಂಬ ಕ್ರೆಡಿಟ್ಟಿನಲ್ಲಿ ಅಳೆಯುತ್ತಾರೆ; ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್. ನನ್ನ ಮೊದಲ ಅರ್ಜಿ ತಿರಸ್ಕೃತವಾದದ್ದು ಇಲ್ಲಿಯೇ. ನಾನು ಸಂಖ್ಯಾಶಾಸ್ತ್ರ ಓದಿದ್ದೆ, ಆದರೆ ಎಷ್ಟು ಓದಿದ್ದೆನೆಂಬುದು ಅಂಕಪಟ್ಟಿಯಿಂದ ಅವರಿಗೆ ತಿಳಿಯಲಿಲ್ಲ. ಎರಡನೆಯ ಸಲ ಆರೂ ಸೆಮಿಸ್ಟರುಗಳ ಪಠ್ಯಕ್ರಮವನ್ನು ಮುದ್ರಿಸಿಕೊಂಡು ಕಾಲೇಜಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಊಟದ ಡಬ್ಬಿಯನ್ನು ಬದಿಗಿಟ್ಟು, ಇಂಕಿನ ಪ್ಯಾಡು ಒಣಗಿದಾಗಲೆಲ್ಲ ಎರಡು ತೊಟ್ಟು ನೀರು ಹಾಕಿ, ಅರವತ್ತಕ್ಕೂ ಹೆಚ್ಚು ಪುಟಗಳಿಗೆ ಒಂದೊಂದಾಗಿ ದುಂಡು ಮೊಹರು ಒತ್ತಿ ಕೊಟ್ಟರು. ಆ ಮಧ್ಯಾಹ್ನದ ಉಪಕಾರವನ್ನು ನಾನು ಮರೆತಿಲ್ಲ. ಅರ್ಜಿ ಹಾಕುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ: ಅವರ ಕರಪತ್ರವನ್ನು ಓದುವ ಮುನ್ನ ನಿಮ್ಮ ಪಠ್ಯಕ್ರಮವನ್ನು ಓದಿಕೊಳ್ಳಿ.

ಅಂಕಗಳನ್ನೂ ಅವರು ತಮ್ಮ ಮಾನಕ್ಕೆ ಇಳಿಸಿಕೊಳ್ಳುತ್ತಾರೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ಗರಿಷ್ಠ 100, ಪಾಸಿಗೆ 40 ಇರುವಲ್ಲಿ 70 ಪಡೆದವರ ಅಂಕ ಅಲ್ಲಿ 2.5 ಆಗುತ್ತದೆ. ಸ್ಪರ್ಧೆಯಿರುವ ಕಡೆ ಇದು ಸಾಲದು. ಆಗ ಮ್ಯಾನೇಜ್‌ಮೆಂಟ್ ಪ್ರವೇಶಕ್ಕಾಗಿ ಬರೆಯುವ ಜಿಮ್ಯಾಟ್ ಪರೀಕ್ಷೆಯ ಅಂಕ ಕೈಹಿಡಿಯಬೇಕಾಗುತ್ತದೆ.

ಇನ್ನು ಹಣದ ವಿಚಾರ. ನಾನು ಓದಿದ್ದು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನು ಆ ರಾಜ್ಯ ಜಾರಿಗೆ ತಂದದ್ದು ನಾನು ಸೇರಿದ 2017ರಲ್ಲಿಯೇ. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಅದು ಕೈಗೆ ಬರುತ್ತದೆ. ನನ್ನ ಕಾಲದಲ್ಲಿ ಇಲ್ಲದಿದ್ದ, ನಮ್ಮ ಅಂಕಪಟ್ಟಿಗಳು ಅಸಲಿಯೆಂದು ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರವೂ 2022ರ ನವೆಂಬರಿನಿಂದ ಬೇಕಾಗಿದೆ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಎರಡು ವರ್ಷಕ್ಕೆ ಎಲ್ಲ ಸೇರಿ ಸುಮಾರು 30 ಲಕ್ಷ. ಅದರಲ್ಲಿ 20 ಲಕ್ಷವನ್ನು ಶೇಕಡಾ 11ರ ಬಡ್ಡಿಗೆ ಹತ್ತು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು 27,500 ರೂಪಾಯಿಯ ಆಸುಪಾಸು. ಪ್ಯಾರಿಸ್ಸಿನ ಎಚ್‌ಇಸಿಯಂತಹ ಬಿಸಿನೆಸ್ ಸ್ಕೂಲಿನಲ್ಲಿ ಶುಲ್ಕವೊಂದೇ 50,000 ಯೂರೋ ಮೀರುತ್ತದೆ. ಅದಕ್ಕಾಗಿ 60 ಲಕ್ಷ ಸಾಲ ಮಾಡಿದವರ ಕಂತು 82,000 ದಾಟುತ್ತದೆ. ಓದುವ ಕಾಲದಲ್ಲಿ ಕಂತು ಕಟ್ಟಬೇಕಾಗಿಲ್ಲ ಎಂಬ ಸಮಾಧಾನ ಬೇಡ, ಬಡ್ಡಿ ಆಗಲೂ ಏರುತ್ತಲೇ ಇರುತ್ತದೆ. ಆ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆಯ ವಿನಾಯಿತಿ ಉಂಟು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ನಾನು ಮೊದಲು ಹೋಗಿದ್ದ ಕನ್ಸಲ್ಟೆನ್ಸಿಯವರು ಈ ಯಾವ ಲೆಕ್ಕವನ್ನೂ ತೋರಿಸಲಿಲ್ಲ. ನಾನು ಸರ್ಕಾರಿ ವಿಶ್ವವಿದ್ಯಾಲಯದ ಹೆಸರೆತ್ತಿದಾಗಲೆಲ್ಲ ಅವರು ದುಬಾರಿ ಖಾಸಗಿ ಸಂಸ್ಥೆಗಳ ಕರಪತ್ರವನ್ನೇ ಮುಂದಿಡುತ್ತಿದ್ದರು. ಸೇರಿಸಿದ ಪ್ರತಿ ವಿದ್ಯಾರ್ಥಿಗೂ ಆ ಸಂಸ್ಥೆಗಳಿಂದ ಅವರಿಗೆ ಕಮಿಷನ್ ಬರುತ್ತದೆಂದು ಆಮೇಲೆ ತಿಳಿಯಿತು. ಹದಿನೆಂಟು ಇಪ್ಪತ್ತು ಲಕ್ಷದ ಮನೆ ಸಾಲಕ್ಕೆ ಹತ್ತು ಜನರನ್ನು ವಿಚಾರಿಸುವ ನಮ್ಮ ತಂದೆತಾಯಂದಿರು ಇಂಥವರ ಒಂದು ಮಾತಿಗೆ ಫ್ಲ್ಯಾಟನ್ನು ಅಡವಿಡುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅಲ್ಲಿನ ಕೆಲಸದ ಬಗ್ಗೆ ಯಾರೂ ಮೊದಲೇ ಹೇಳದ ಸತ್ಯವೆಂದರೆ ಪಾಠ ಇಂಗ್ಲಿಷಿನಲ್ಲಿ, ಕೆಲಸ ಜರ್ಮನ್ನಿನಲ್ಲಿ. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಪರವಾನಗಿ ಸಿಗುತ್ತದೆ. ನಾನು ಅರ್ಧ ವರ್ಷ ಹುಡುಕಿದೆ. ಸಂದರ್ಶನಗಳು ಇಂಗ್ಲಿಷಿನಲ್ಲಿ ಆರಂಭವಾಗಿ ಐದನೆಯ ನಿಮಿಷಕ್ಕೆ ಜರ್ಮನ್ನಿಗೆ ಹೊರಳುತ್ತಿದ್ದವು. ನನ್ನ ಜರ್ಮನ್ ಅಂಗಡಿಗೆ ಸಾಕಾಗುತ್ತಿತ್ತು, ಸಭೆಗೆ ಸಾಲುತ್ತಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಮರಳಿದೆ. ಅಪ್ಪನ ಮೂರನೆಯ ಕಲಮಿನಲ್ಲಿ ನಾನು ಅಂದಾಜಿಸಿ ಬರೆದಿದ್ದ ಸಂಬಳಕ್ಕಿಂತ ಸ್ವಲ್ಪ ಕಡಿಮೆಗೇ ಇಲ್ಲಿ ಕೆಲಸ ಸಿಕ್ಕಿತು, ಆದರೂ ಒಂದು ಕಂತನ್ನೂ ತಪ್ಪಿಸಬೇಕಾಗಿ ಬರಲಿಲ್ಲ.

ಹಾಗಾದರೆ ಹೋದದ್ದರಿಂದ ಸಿಕ್ಕಿದ್ದೇನು? ಉಗ್ರಾಣಗಳ ದಾಸ್ತಾನಿನ ಮೇಲೆ ನಾನು ಬರೆದ ಮೊದಲ ಪ್ರಬಂಧವನ್ನು ಪ್ರಾಧ್ಯಾಪಕರು ಹಿಂತಿರುಗಿಸಿದಾಗ ಒಂದೇ ಒಂದು ವಾಕ್ಯದ ಕೆಳಗೆ ಗೆರೆಯಿತ್ತು. ಬದಿಯಲ್ಲಿ 'ಇದು ಯಾವ ಅಂಕಿಯಿಂದ ಬಂತು?' ಎಂಬ ಪ್ರಶ್ನೆ. ಮುಂಬಯಿಯಲ್ಲಿ ಮೂರು ವರ್ಷ ಉತ್ತರಗಳನ್ನು ಬಾಯಿಪಾಠ ಮಾಡಿ ತೊಂಬತ್ತರ ಹತ್ತಿರ ಅಂಕ ಪಡೆದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಇಂದು ಭಿವಂಡಿಯ ಗೋದಾಮುಗಳಲ್ಲಿ ಯಾವ ಸರಕು ಎಷ್ಟು ದಿನ ಕೂತಿದೆ, ಏಕೆ ಕೂತಿದೆ ಎಂದು ಹುಡುಕುವುದೇ ನನ್ನ ಉದ್ಯೋಗ. ಆ ಒಂದು ಪ್ರಶ್ನೆಯಿಂದಲೇ ನನ್ನ ಅನ್ನ ಹುಟ್ಟುತ್ತಿದೆ ಎಂದರೆ ತಪ್ಪಾಗದು.

ಆದರೂ ಚರ್ಚ್‌ಗೇಟಿನಲ್ಲಿ 1965ರಿಂದ ಇರುವ ಜಮ್ನಾಲಾಲ್ ಬಜಾಜ್ ಮ್ಯಾನೇಜ್‌ಮೆಂಟ್ ಸಂಸ್ಥೆಯಂಥಲ್ಲಿ ಪ್ರವೇಶ ಸಿಕ್ಕವರಿಗೆ ಹೊರದೇಶದ ಯೋಚನೆ ಬಿಡಿ ಎಂದೇ ಹೇಳುತ್ತೇನೆ. ಅಲ್ಲಿ ಸಿಗದೆ, ಇಲ್ಲಿನ ಯಾವುದೋ ಖಾಸಗಿ ಕಾಲೇಜಿಗೆ ದೊಡ್ಡ ಮೊತ್ತ ತೆರಲು ಹೊರಟವರು ಮಾತ್ರ ಸರ್ಕಾರಿ ವಿಶ್ವವಿದ್ಯಾಲಯಗಳಿರುವ ದೇಶಗಳ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಇಂಗ್ಲೆಂಡಿನ ಒಂದು ವರ್ಷದ ಕೋರ್ಸು ಬೇಗ ಮುಗಿಯುತ್ತದೆ ನಿಜ, ಆದರೆ ಹೋದ ಎರಡನೆಯ ತಿಂಗಳಿನಿಂದಲೇ ಕೆಲಸ ಹುಡುಕಬೇಕಾಗುತ್ತದೆ; ಊರಿಗೆ ಹೊಂದಿಕೊಳ್ಳುವುದಕ್ಕೂ ಬಿಡುವಿರುವುದಿಲ್ಲ.

ಮೊನ್ನೆ ಮುಲುಂಡಿನ ಒಬ್ಬ ಮಾಮಿ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಅಪ್ಪ ಒಂದು ಹಾಳೆಯ ಮೇಲೆ ಮೂರು ಕಲಂ ಎಳೆದು ಹುಡುಗಿಯ ಕೈಗೆ ಕೊಟ್ಟರು. ಇಂಥದೇ ಓದು ಓದಿ ಬಂದು ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಮೂವರನ್ನು ತಾನೇ ಭೇಟಿಯಾಗಿ, ಅವರ ಮೊದಲ ಸಂಬಳವನ್ನು ಕೇಳಿಕೊಂಡು ಮೂರನೆಯ ಕಲಂ ತುಂಬಿಸಿ ತರುವಂತೆ ನಾನು ಹೇಳಿದ್ದೇನೆ. ಬರುವ ಭಾನುವಾರ ಅವಳು ತನ್ನ ಪಠ್ಯಕ್ರಮದ ಪುಟಗಳನ್ನೂ ತರುತ್ತಾಳೆ.